ಸಹಿ ಹಾಕಿದ್ದು ಸ್ಪಿನ್ನಿ, ನಾವೆಲ್ಲ ಮಾತಾಡಿದ್ದು ಆಸ್ಕರ್ ಜೊತೆ

ಹಳದಿಗರಿ:

ಕ್ಯಾರೊಲ್ ಸ್ಪಿನ್ನಿಯವರನ್ನು ಹತ್ತಿರದಿಂದ ನೋಡಿದ್ದೇನೆ ಅಂತ ಮೊನ್ನೆ ಇನ್ನೊಂದು ಚರ್ಚೆಯಲ್ಲಿ ಒಂದು ಸಾಲು ಬರೆದಿದ್ದೆ. ವಿವರವಾಗಿ ಬರೆಯಿರಿ ಅಂತ ಕೆಲವರು ಕೇಳಿದಿರಿ. ಸರಿ, ಬರೆಯುತ್ತೇನೆ. ಯಾಕಂದರೆ ಅಲ್ಲಿ ನಡೆದದ್ದರ ಬಗ್ಗೆ ನನಗೆ ಈಗಲೂ ಒಂದು ಅನುಮಾನ ಉಳಿದಿದೆ.

ಹೆಸರು ಗೊತ್ತಿಲ್ಲದವರಿಗೆ: ಅಮೆರಿಕದ ಮಕ್ಕಳ ಕಾರ್ಯಕ್ರಮ ಸೆಸಮಿ ಸ್ಟ್ರೀಟ್‌ನಲ್ಲಿ 8 ಅಡಿ 2 ಅಂಗುಲ ಎತ್ತರದ ಹಳದಿ ಹಕ್ಕಿ ಇದೆ. ಅದೇ ಬಿಗ್ ಬರ್ಡ್. ಮನಸ್ಸು ಪುಟ್ಟ ಮಗುವಿನದು. ಅದೇ ಬೀದಿಯ ಕಸದ ಡಬ್ಬಿಯಲ್ಲಿ ಆಸ್ಕರ್ ಅಂತ ಒಬ್ಬ ಹಸಿರು ಗೊಣಗಪ್ಪ ಇದ್ದಾನೆ. ಯಾರನ್ನೂ ಕಂಡರಾಗದು, ಕಸ ಅಂದರೆ ಮಾತ್ರ ಪ್ರಾಣ. ಈ ಇಬ್ಬರನ್ನೂ ಆಡಿಸಿದ್ದು ಒಬ್ಬರೇ ಮನುಷ್ಯ. 1969ರಲ್ಲಿ ಕಾರ್ಯಕ್ರಮ ಶುರುವಾದಾಗಿನಿಂದ 2018ರವರೆಗೆ.

2003ರಲ್ಲಿ ಅವರ ಪುಸ್ತಕ ಬಂತು. ಆಗ ನಾನು ಅಲ್ಲಿ ಓದುತ್ತಿದ್ದೆ. ಅಕ್ಕನ ಮನೆ ಹತ್ತಿರದಲ್ಲೇ ಇತ್ತು. ಅವಳ ಮಗಳು ಇನ್ನೂ ಶಾಲೆಗೆ ಸೇರಿರಲಿಲ್ಲ. ರಜೆ ಇದ್ದಾಗ ಬೆಳಗ್ಗೆ ಅವಳ ಪಕ್ಕ ಕೂತು ನಾನೂ ಸೆಸಮಿ ಸ್ಟ್ರೀಟ್ ನೋಡುತ್ತಿದ್ದೆ. ಅಮೆರಿಕದವರ ಮಾತಿನ ಧಾಟಿ ನನ್ನ ಕಿವಿಗೆ ಹತ್ತಿದ್ದು ಕಾಲೇಜಿನಲ್ಲಿ ಅಲ್ಲ, ಆ ಬೀದಿಯಲ್ಲಿ. ಹಾಗಾಗಿ ಊರಿನ ಪುಸ್ತಕದಂಗಡಿಗೆ ಸ್ಪಿನ್ನಿ ಸಹಿ ಹಾಕಲು ಬರುತ್ತಾರೆ ಅಂತ ಗೊತ್ತಾದಾಗ ಅಕ್ಕ, ಮಗಳು, ನಾನು ಮೂವರೂ ಹೊರಟೆವು.

ಮಕ್ಕಳ ಗಲಾಟೆ ಇರುತ್ತೆ ಅಂದುಕೊಂಡಿದ್ದೆ. ನೋಡಿದರೆ ಸಾಲಿನ ತುಂಬಾ ದೊಡ್ಡವರು! ಆಫೀಸಿನ ಬಟ್ಟೆಯಲ್ಲಿ ಬಂದವರು, ತಲೆ ಸ್ವಲ್ಪ ನರೆತವರು. ನಮ್ಮ ಮುಂದೆ ಒಬ್ಬ ದಢೂತಿ ಆಸಾಮಿ ನಿಂತಿದ್ದ. ಸ್ಪಿನ್ನಿಯವರಿಗೆ ಏನು ಹೇಳಬೇಕು ಅಂತ ಹೆಂಡತಿಯ ಮುಂದೆ ಅಭ್ಯಾಸ ಮಾಡುತ್ತಿದ್ದ. ಚಿಕ್ಕಂದಿನಲ್ಲಿ ಅಪ್ಪ ಮನೆ ಬಿಟ್ಟು ಹೋದದ್ದು, ಆಗ ಆ ಹಕ್ಕಿ ಜೊತೆಗಿದ್ದದ್ದು, ಹೀಗೆ. ಕದ್ದು ಕೇಳಿಸಿಕೊಂಡೆ ಅನ್ನಬೇಡಿ. ಅವನ ದನಿಯೇ ಅಷ್ಟು ದೊಡ್ಡದಿತ್ತು.

ಮೇಜಿನ ಹಿಂದೆ ಬೆಳ್ಳಗಿನ ಗಡ್ಡದ, ಮೆದು ಮಾತಿನ ಮನುಷ್ಯ. ದಾರಿಯಲ್ಲಿ ಎದುರು ಬಂದರೆ ಯಾರೂ ತಿರುಗಿ ನೋಡುವಂಥ ಮುಖವಲ್ಲ. ಪಕ್ಕದಲ್ಲಿ ಆಸ್ಕರ್. ನಡುನಡುವೆ ಪೆನ್ನು ಕೆಳಗಿಟ್ಟು ಕೈಯನ್ನು ಗೊಂಬೆಯೊಳಗೆ ತೂರಿಸುತ್ತಿದ್ದರು. ಆ ಕ್ಷಣದಲ್ಲಿ ಏನಾಗುತ್ತಿತ್ತು ಅಂತ ಹೇಳುವುದು ಕಷ್ಟ. ಸ್ಪಿನ್ನಿ ವೆಂಟ್ರಿಲೋಕ್ವಿಸ್ಟ್ ಅಲ್ಲ. ತುಟಿ ಮುಚ್ಚಿ ಮಾತಾಡುವ ಚಮತ್ಕಾರ ಏನೂ ಇಲ್ಲ. ಬಾಯಿ ಎಲ್ಲರಿಗೂ ಕಾಣುವ ಹಾಗೆ ಆಡುತ್ತಿತ್ತು, ದನಿ ಅಲ್ಲಿಂದಲೇ ಬರುತ್ತಿತ್ತು. ಆದರೂ ಸಾಲಿನಲ್ಲಿದ್ದ ಒಬ್ಬರೂ ಆ ಬಾಯಿಯ ಕಡೆ ನೋಡಲಿಲ್ಲ. ಎಲ್ಲರ ಕಣ್ಣೂ ಆ ಹಸಿರು ಚಿಂದಿಯ ಮೇಲೆ.

ದಢೂತಿ ಆಸಾಮಿಯ ಸರದಿ ಬಂತು. ಅಷ್ಟೊತ್ತು ಉರು ಹೊಡೆದ ಮಾತನ್ನೆಲ್ಲ ಅವನು ಹೇಳಿದ. ಪೂರ್ತಿ ಹೇಳಿದ. ಆದರೆ ಆಸ್ಕರ್‌ಗೆ!

ನಮ್ಮ ಹುಡುಗಿ ಇನ್ನೂ ಒಂದು ಕೈ ಮೇಲೆ. ಜೇಬಿನಿಂದ ಮುದ್ದೆಯಾದ ಚಾಕಲೇಟ್ ಕಾಗದ ತೆಗೆದು ಆಸ್ಕರ್‌ಗೆ ಉಡುಗೊರೆ ಅಂತ ಕೊಟ್ಟಳು. ಕಸ ಅಂದರೆ ಅವನಿಗೆ ಇಷ್ಟ ಅಲ್ವಾ, ಅದಕ್ಕೆ. ಆಸ್ಕರ್ ಅದನ್ನು ಬಾಯಲ್ಲಿ ಕಚ್ಚಿಕೊಂಡ. ಸ್ಪಿನ್ನಿ ಪುಸ್ತಕಕ್ಕೆ ಸಹಿ ಹಾಕಿದರು. ಅಕ್ಕ ಥ್ಯಾಂಕ್ಸ್ ಹೇಳಿದಳು. ಮುಗಿಯಿತು.

ಹೊರಗೆ ಬಂದ ಮೇಲೆ ಅಕ್ಕ ಮಗಳನ್ನು ಕೇಳಿದಳು: ಆ ಅಂಕಲ್ ಎಷ್ಟು ಒಳ್ಳೆಯವರು ಅಲ್ವಾ?

"ಯಾವ ಅಂಕಲ್?"

ಇದೇ ನನ್ನ ಅನುಮಾನ. ಜೀವಮಾನವಿಡೀ ಮರೆಯಲ್ಲಿದ್ದ ಮನುಷ್ಯ ಒಂದು ಪುಸ್ತಕ ಬರೆದು, ಮುಖ ತೋರಿಸಿಕೊಂಡು ಹೊರಗೆ ಬಂದು ಕೂತಿದ್ದಾರೆ. ನಾವು ಹೋಗಿ ಮತ್ತೆ ಗೊಂಬೆಯನ್ನೇ ಮಾತಾಡಿಸಿ ಬಂದೆವು. ಅವರಿಗೆ ಹೇಗೆ ಅನ್ನಿಸಿರಬಹುದು?

ಸುಮ್ನೆಓದುವವಳು:

"ಯಾವ ಅಂಕಲ್" ಓದಿ ಜೋರಾಗಿ ನಕ್ಕೆ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಗೊಂಬೆಹುಚ್ಚ:

ಬೇಜಾರು ಆಗಿರಲ್ಲ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಗೊಂಬೆ ಆಡಿಸುವವರಿಗೆ ಇನ್ನೊಂದಿಲ್ಲ. ನಾನು ಹವ್ಯಾಸಕ್ಕೆ ಕೈಗೊಂಬೆ ಮಾಡುತ್ತೇನೆ. ಪ್ರದರ್ಶನದ ನಡುವೆ ಯಾರಾದರೂ ನನ್ನ ಮುಖ ನೋಡಿದರೆ, ಗೊಂಬೆಯ ಕಣ್ಣು ತಪ್ಪಿತು ಅಂತ ಅರ್ಥ. ಅದರ ದೃಷ್ಟಿ ಎದುರಿನವರ ಮುಖಕ್ಕೆ ಸರಿಯಾಗಿ ಕೂತಿದ್ದರೆ, ಅವರಿಗೆ ಬೇರೆ ಕಡೆ ನೋಡಲು ಆಗುವುದೇ ಇಲ್ಲ. ನೋಡುತ್ತಿರುವವರನ್ನು ವಾಪಸ್ ನೋಡದೇ ಇರುವುದು ನಮಗೆ ಕಷ್ಟ.

ಬಿಗ್ ಬರ್ಡ್‌ನ ಬದಲು ಆಸ್ಕರ್ ಯಾಕೆ ಬಂದ ಅಂತ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಆಸ್ಕರ್ ಚೀಲದಲ್ಲಿ ಹಿಡಿಯುತ್ತಾನೆ. ಬಿಗ್ ಬರ್ಡ್ ಅಂದರೆ ದೊಡ್ಡ ರಾದ್ಧಾಂತ. ಸ್ಪಿನ್ನಿ ಆ ವೇಷದೊಳಗೆ ನಿಂತು ಬಲಗೈಯನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ ಹಿಡಿಯಬೇಕು. ಆ ಕೈಯೇ ಹಕ್ಕಿಯ ಕುತ್ತಿಗೆ ಮತ್ತು ತಲೆ. ಬೆರಳುಗಳಲ್ಲಿ ಕೊಕ್ಕು. ಕಿರುಬೆರಳಲ್ಲಿ ಕಣ್ಣಿನ ರೆಪ್ಪೆ. ಎಡಗೈ ಎಡ ರೆಕ್ಕೆಯೊಳಗೆ. ಹಾಗಾದರೆ ಬಲ ರೆಕ್ಕೆ? ಅದರೊಳಗೆ ಕೈಯೇ ಇಲ್ಲ. ಮೀನು ಹಿಡಿಯುವ ದಾರ ಕೊಕ್ಕಿನ ಕೆಳಗಿಂದ ಹಾದು ಎರಡೂ ರೆಕ್ಕೆಗಳನ್ನು ಜೋಡಿಸುತ್ತದೆ. ಎಡ ರೆಕ್ಕೆ ಕೆಳಗಿಳಿದರೆ ಬಲ ರೆಕ್ಕೆ ಮೇಲೇಳುತ್ತದೆ. ಮುಂದಿನ ಸಲ ನೋಡುವಾಗ ಗಮನಿಸಿ.

ಇನ್ನೊಂದು ವಿಷಯ. ಒಳಗಿನಿಂದ ಹೊರಗೆ ಏನೂ ಕಾಣುವುದಿಲ್ಲ. ಎದೆಗೆ ಒಂದು ಪುಟ್ಟ ಟಿವಿ ಕಟ್ಟಿಕೊಂಡಿರುತ್ತಾರೆ. ಕ್ಯಾಮೆರಾ ಏನು ನೋಡುತ್ತೋ ಅದು ಅದರಲ್ಲಿ ಕಾಣುತ್ತದೆ. ಕನ್ನಡಿಯ ಹಾಗಲ್ಲ. ನೀವು ಬಲಕ್ಕೆ ಹೋದರೆ ಪರದೆಯ ಮೇಲೆ ಹಕ್ಕಿ ಎಡಕ್ಕೆ ಹೋಗುತ್ತದೆ. ಸಂಭಾಷಣೆಯ ಹಾಳೆಗಳನ್ನೂ ಒಳಗೇ ಅಂಟಿಸಿಕೊಂಡು ಓದುತ್ತಿದ್ದರು. ಕೈ ಮೇಲೆ, ಕಣ್ಣು ಕೆಳಗೆ, ಎಡಬಲ ಉಲ್ಟಾ. ಅದರ ಮೇಲೆ ಆರು ವರ್ಷದ ಮಗುವಿನ ಹಾಗೆ ಮಾತಾಡಬೇಕು. ಇದೇ ವೇಷದಲ್ಲಿ ಸ್ಕೇಟಿಂಗ್ ಕೂಡ ಮಾಡಿದ್ದಾರೆ ಪುಣ್ಯಾತ್ಮ.

ಕಸದಬುಟ್ಟಿ:

ಆಸ್ಕರ್ ಅಭಿಮಾನಿ ಬಳಗದಿಂದ ಒಂದಿಷ್ಟು ಸೇರಿಸುತ್ತೇನೆ. ಆ ಒರಟು ದನಿ ಬಂದದ್ದು ಒಬ್ಬ ಟ್ಯಾಕ್ಸಿ ಚಾಲಕನಿಂದ. ಆಸ್ಕರ್‌ಗೆ ಯಾವ ದನಿ ಕೊಡಬೇಕು ಅಂತ ಗೊತ್ತಿಲ್ಲದೆ ಸ್ಪಿನ್ನಿ ನ್ಯೂಯಾರ್ಕ್‌ನಲ್ಲಿ ಟ್ಯಾಕ್ಸಿ ಹತ್ತುತ್ತಾರೆ. ಬ್ರಾಂಕ್ಸ್ ಕಡೆಯ ಚಾಲಕ "ಎಲ್ಲಿಗಯ್ಯಾ?" ಅನ್ನುವ ಧಾಟಿಯಲ್ಲಿ ಗುರ್ ಅಂತಾನೆ. ಅಷ್ಟೇ. ಸ್ಟುಡಿಯೋ ತಲುಪುವವರೆಗೆ ಅದನ್ನೇ ಬಾಯಲ್ಲಿ ಹೊರಳಿಸಿಕೊಂಡು ಹೋದರಂತೆ.

ಮೊದಲ ವರ್ಷ ಆಸ್ಕರ್ ಕಿತ್ತಳೆ ಬಣ್ಣದವನು. ಆಮೇಲೆ ಹಸಿರಾದ. ಯಾಕಪ್ಪಾ ಅಂದರೆ ಕೆಸರು ತುಂಬಿದ ಜೌಗಿಗೆ ರಜೆಗೆ ಹೋಗಿ ಬಂದನಂತೆ!

ಬಯಲುಸೀಮೆ:

ಎಲ್ಲರೂ ಖುಷಿಯಾಗಿದ್ದೀರಿ, ನಾನೊಬ್ಬ ತಕರಾರು ತೆಗೆಯುತ್ತೇನೆ.

ಗೊಂಬೆಹುಚ್ಚ ಹೇಳಿದ "ಸರ್ಟಿಫಿಕೇಟ್" ವಾದ ನನಗೆ ಒಪ್ಪಿಗೆ ಇಲ್ಲ. ಪ್ರದರ್ಶನದಲ್ಲಿ ಸರಿ. ನಮ್ಮ ಸೂತ್ರದ ಗೊಂಬೆಯಾಟದಲ್ಲೂ ಆಡಿಸುವವರು ಕಪ್ಪು ಪರದೆಯ ಹಿಂದೆ ನಿಲ್ಲುತ್ತಾರೆ, ಅವರನ್ನು ಯಾರೂ ಹುಡುಕುವುದಿಲ್ಲ. ಆದರೆ ಆಟ ಮುಗಿದ ಮೇಲೆ? ಪುಸ್ತಕದಂಗಡಿ ರಂಗಸ್ಥಳ ಅಲ್ಲ. ಆತ ಬರೆದದ್ದು ತನ್ನ ಬದುಕಿನ ಕಥೆ. ಅದಕ್ಕೆ ಸಹಿ ಹಾಕಿಸಿಕೊಳ್ಳಲು ಬಂದವರು ಆತನ ಕಣ್ಣನ್ನೂ ನೋಡಲಿಲ್ಲ ಅಂದರೆ ಅದು ಸ್ವಲ್ಪ ಕ್ರೂರವೇ. ಬೇರೆ ನಟರಿಗೆ ಹೀಗೆ ಮಾಡುತ್ತೇವಾ? ಪಾತ್ರ ಎಷ್ಟೇ ಇಷ್ಟವಾದರೂ ಎದುರು ಸಿಕ್ಕರೆ ಮನುಷ್ಯನ ಜೊತೆಗೇ ಮಾತಾಡುತ್ತೇವೆ.

ನಾಲ್ಕು ವರ್ಷದ ಮಗುವನ್ನು ಬಿಡಿ. ಆ ದಢೂತಿ ಆಸಾಮಿಗೆ ಏನಾಗಿತ್ತು?

ಹಳದಿಗರಿ:

ಅದನ್ನೇ ನಾನೂ ಆವತ್ತು ರಾತ್ರಿ ಯೋಚಿಸಿದೆ. ನನಗನ್ನಿಸಿದ್ದು ಇಷ್ಟು. ಅಪ್ಪ ಬಿಟ್ಟು ಹೋದ ಕಥೆಯನ್ನು ಗೊತ್ತಿಲ್ಲದ ಮುದುಕರೊಬ್ಬರ ಮುಖ ನೋಡಿಕೊಂಡು, ಹಿಂದೆ ಅಷ್ಟು ಜನ ನಿಂತಿರುವಾಗ, ದೊಡ್ಡ ಗಂಡಸೊಬ್ಬ ಹೇಳಲು ಸಾಧ್ಯವೇ ಇರಲಿಲ್ಲ. ಆಸ್ಕರ್‌ಗೆ ಹೇಳಬಹುದಿತ್ತು. ಆಸ್ಕರ್ ಅವನಿಗೆ ಹೊಸಬನಲ್ಲ. ಮತ್ತೆ ಆಸ್ಕರ್ ಅಯ್ಯೋ ಪಾಪ ಅನ್ನುವವನೂ ಅಲ್ಲ. ಗೊಣಗುತ್ತಾನೆ ಅಂತ ಮೊದಲೇ ಗೊತ್ತು. ಗೊಣಗಿದ. ಅವನು ನಕ್ಕ, ಕಣ್ಣು ಒರೆಸಿಕೊಂಡ.

ಕೇಳಿಸಿಕೊಂಡವರು ಸ್ಪಿನ್ನಿಯೇ ಅಲ್ವಾ? ಅವನು ಮಾತಾಡುವಾಗ ಅವರ ಮುಖ ನೋಡಿದವನು ನಾನೊಬ್ಬನೇ ಇರಬೇಕು. ಆಸ್ಕರ್ ಹುಬ್ಬು ಗಂಟಿಕ್ಕಿದ್ದ. ಸ್ಪಿನ್ನಿ ತುಂಬಾ ಗಮನ ಕೊಟ್ಟು ಕೇಳುತ್ತಿದ್ದರು. ಎರಡು ಮುಖಗಳಲ್ಲಿ ಎರಡು ಭಾವ, ಒಂದೇ ಹೊತ್ತಿಗೆ. ನನಗೆ ಆ ದಿನ ನೆನಪಿರುವುದು ಮುಖ್ಯವಾಗಿ ಅದು.

ಹಳೇಪತ್ರಿಕೆ:

ಬಯಲುಸೀಮೆಯವರೇ, ದೊಡ್ಡವರ ವಿಷಯಕ್ಕೆ ಒಂದು ದಾಖಲೆ ಕೊಡುತ್ತೇನೆ. ಶಾರಿ ಲೂಯಿಸ್ ಅಂತ ಇನ್ನೊಬ್ಬ ಪ್ರಸಿದ್ಧ ಕಲಾವಿದೆ ಇದ್ದರು. ಅವರ ಗೊಂಬೆ ಲ್ಯಾಂಬ್ ಚಾಪ್ ಎನ್ನುವ ಕುರಿಮರಿ. 1993ರಲ್ಲಿ ಮಕ್ಕಳ ಟಿವಿ ಬಗ್ಗೆ ಅಮೆರಿಕದ ಕಾಂಗ್ರೆಸ್‌ನಲ್ಲಿ ಹೇಳಿಕೆ ಕೊಡಲು ಹೋದಾಗ ಕುರಿಮರಿಗೂ ಮಾತಾಡಲು ಅವಕಾಶ ಸಿಕ್ಕಿತು. 2002ರಲ್ಲಿ ಸೆಸಮಿ ಸ್ಟ್ರೀಟ್‌ನ ಕೆಂಪು ಗೊಂಬೆ ಎಲ್ಮೊ ಕೋಟು ಹಾಕಿಕೊಂಡು ಕಾಂಗ್ರೆಸ್ ಸಮಿತಿಯ ಮುಂದೆ ಶಾಲೆಗಳಲ್ಲಿ ಸಂಗೀತ ಕಲಿಸಬೇಕು ಅಂತ ವಾದಿಸಿದ. ಕಾನೂನು ಮಾಡುವವರೇ ಗೊಂಬೆಯ ಮಾತಿಗೆ ಕಿವಿ ಕೊಟ್ಟು ಕೂತಿದ್ದಾರೆ. ಪುಸ್ತಕದಂಗಡಿಯ ಪಾಪದವನನ್ನು ಬೈದು ಏನು ಪ್ರಯೋಜನ?

ಬಯಲುಸೀಮೆ:

ಕಾನೂನು ಮಾಡುವವರನ್ನು ಬುದ್ಧಿವಂತಿಕೆಗೆ ಉದಾಹರಣೆಯಾಗಿ ಕೊಟ್ಟವರನ್ನು ಇವತ್ತೇ ಮೊದಲು ನೋಡಿದ್ದು :)

ಇರಲಿ. ಹಳದಿಗರಿ ಹೇಳಿದ ಎರಡು ಮುಖದ ಮಾತು ತಲೆಯಲ್ಲಿ ಕೂತಿತು. ಆದರೂ ಆ ಮನುಷ್ಯನ ಕಥೆ ಯಾರಿಗೂ ಗೊತ್ತಿಲ್ಲ ಅನ್ನುವುದು ಬೇಸರದ ಸಂಗತಿ. ಗೊತ್ತಿರುವವರು ಹೇಳಿ.

ಗೊಂಬೆಹುಚ್ಚ:

ಹೇಳುತ್ತೇನೆ, ಕೂತುಕೊಳ್ಳಿ.

ಹುಟ್ಟಿದ್ದು 1933ರ ಡಿಸೆಂಬರ್ 26. ಊರು ಮ್ಯಾಸಚೂಸೆಟ್ಸ್‌ನ ವಾಲ್ಥಮ್. ಕ್ರಿಸ್‌ಮಸ್ ಮರುದಿನ ಹುಟ್ಟಿದ್ದಕ್ಕೇ ಕ್ಯಾರೊಲ್ ಅಂತ ಹೆಸರು. ಚಿಕ್ಕವನಿದ್ದಾಗ ಹಳೇ ಸಾಮಾನಿನ ಮಾರಾಟದಲ್ಲಿ ಐದು ಸೆಂಟ್ ಕೊಟ್ಟು ಒಂದು ಕೋತಿ ಗೊಂಬೆ ಕೊಂಡ. ಅಲ್ಲಿಂದ ಶುರು. ತಾಯಿ ಗೊಂಬೆಗಳನ್ನೂ ಪುಟ್ಟ ರಂಗವನ್ನೂ ಮಾಡಿಕೊಟ್ಟರು. ವಾಯುಪಡೆಯಲ್ಲಿ ಇದ್ದರು, ವ್ಯಂಗ್ಯಚಿತ್ರ ಬರೆದರು. 1960ರ ದಶಕದಲ್ಲಿ ಬಾಸ್ಟನ್‌ನಲ್ಲಿ ಬೋಜೊ ಎನ್ನುವ ಕೋಡಂಗಿಯ ಮಕ್ಕಳ ಕಾರ್ಯಕ್ರಮದಲ್ಲಿ ಬೇರೆ ಬೇರೆ ವೇಷ ಹಾಕುತ್ತಿದ್ದರು.

1969ರಲ್ಲಿ ಸಾಲ್ಟ್ ಲೇಕ್ ಸಿಟಿಯ ಗೊಂಬೆ ಉತ್ಸವಕ್ಕೆ ಹೊಸ ಥರದ ಪ್ರದರ್ಶನ ತಯಾರು ಮಾಡಿಕೊಂಡು ಹೋದರು. ಹಿಂದೆ ಪರದೆಯ ಮೇಲೆ ಅನಿಮೇಷನ್ ಚಿತ್ರ, ಮುಂದೆ ಅದಕ್ಕೆ ಹೊಂದುವ ಹಾಗೆ ಗೊಂಬೆಗಳು. ಒಂದು ಸ್ಪಾಟ್‌ಲೈಟ್ ನೇರ ಪರದೆಗೆ ಬಡಿಯಿತು. ಚಿತ್ರವೇ ಕಾಣಲಿಲ್ಲ. ಪ್ರದರ್ಶನ ನೆಲಕಚ್ಚಿತು. ಅವತ್ತು ನೋಡುತ್ತಿದ್ದವರಲ್ಲಿ ಜಿಮ್ ಹೆನ್ಸನ್ ಇದ್ದರು, ಮಪೆಟ್ ಗೊಂಬೆಗಳ ಜನಕ. ಆಟ ಮುಗಿದ ಮೇಲೆ ಹಿಂದೆ ಬಂದು, ನೀವು ಏನು ಮಾಡಲು ಹೊರಟಿದ್ದಿರೋ ಅದು ನನಗೆ ಇಷ್ಟವಾಯಿತು ಅಂದರು. ಆದದ್ದನ್ನಲ್ಲ, ಮಾಡಲು ಹೊರಟದ್ದನ್ನು! ಕೆಲಸ ಕೊಡುವವರು ಹೀಗೂ ಇರುತ್ತಾರೆ.

ಬಿಗ್ ಬರ್ಡ್ ವೇಷ ಮೊದಲು ಹೆನ್ಸನ್ ಜೊತೆ ಗೊಂಬೆ ಆಡಿಸುತ್ತಿದ್ದ ಫ್ರಾಂಕ್ ಓಜ್ ಹಾಕಬೇಕಿತ್ತು. ಅವರಿಗೆ ಮೈತುಂಬಾ ವೇಷ ಹಾಕುವುದು ಅಂದರೆ ಆಗದು, ಬೇಡ ಅಂದರು. ಹಾಗೆ ಅದು ಸ್ಪಿನ್ನಿಗೆ ಬಂತು. ಹೆನ್ಸನ್ ಬರೆದ ಚಿತ್ರ ನೋಡಿ ಹಕ್ಕಿಯನ್ನು ಕಟ್ಟಿದವರು ಕರ್ಮಿಟ್ ಲವ್. ಶುರುವಿನಲ್ಲಿ ಆ ಹಕ್ಕಿ ಬರೀ ದಡ್ಡ. ಹಳ್ಳಿ ಗಮಾರನ ಥರ. ಸ್ವಲ್ಪ ದಿನ ಆಡಿಸಿದ ಮೇಲೆ ಸ್ಪಿನ್ನಿಯೇ ಹೇಳಿದರು, ಇದು ದಡ್ಡ ಅಲ್ಲ, ಮಗು. ಎಲ್ಲವನ್ನೂ ಈಗಷ್ಟೇ ಕಲಿಯುತ್ತಿರುವ ಮಗು. ಅಲ್ಲಿಗೆ ಪಾತ್ರ ಬದಲಾಯಿತು. ನನ್ನ ಪ್ರಕಾರ ಅವರ ದೊಡ್ಡ ಕೊಡುಗೆ ದನಿಯೂ ಅಲ್ಲ, ಎತ್ತಿ ಹಿಡಿದ ಕೈಯೂ ಅಲ್ಲ. ಈ ಒಂದು ತೀರ್ಮಾನ.

ಸುಮ್ನೆಓದುವವಳು:

ಹೆನ್ಸನ್ ಅವರ ಗೊಂಬೆ ಕರ್ಮಿಟ್ ಕಪ್ಪೆಗೆ ಈ ಕರ್ಮಿಟ್ ಲವ್ ಅವರದೇ ಹೆಸರಾ?

ಗೊಂಬೆಹುಚ್ಚ:

ಇಲ್ಲ. ಕಪ್ಪೆ ಮೊದಲು, ಪರಿಚಯ ಆಮೇಲೆ.

ಎರಡುಮಕ್ಕಳತಾಯಿ:

ನನ್ನದು ಬೇರೆ ಪ್ರಶ್ನೆ. ಇಂಥ ಕಡೆಗೆ ಮಕ್ಕಳನ್ನು ಕರೆದುಕೊಂಡು ಹೋಗುವುದು ಸರಿಯಾ? ಒಂದು ಸಲ ಯಾರೋ ಕಾರ್ಟೂನ್ ವೇಷ ಹಾಕಿಕೊಂಡವರು ಸುಸ್ತಾಗಿ ಮೂಲೆಯಲ್ಲಿ ತಲೆ ತೆಗೆದಿಟ್ಟು ನೀರು ಕುಡಿಯುತ್ತಿದ್ದರು. ನನ್ನ ದೊಡ್ಡ ಮಗ ನೋಡಿಬಿಟ್ಟ. ಆ ರಾತ್ರಿ ನಿದ್ದೆ ಇಲ್ಲ. ಒಳಗೆ ಮನುಷ್ಯ ಇದ್ದಾನೆ ಅಂತ ಗೊತ್ತಾದರೆ ಮಕ್ಕಳಿಗೆ ಮೋಸ ಅನ್ನಿಸಲ್ವಾ?

ಗೊಂಬೆಹುಚ್ಚ:

ಅದೂ ಇದೂ ಬೇರೆ. ಮೈತುಂಬಾ ವೇಷದ ತಲೆ ತೆಗೆದರೆ ಮಗುವಿನ ಕಣ್ಣಿಗೆ ಅದು ತಲೆ ಕಡಿದ ಹಾಗೆ. ಹೆದರಿಕೆ ಸಹಜ. ಕೈಗೊಂಬೆಯಲ್ಲಿ ಮನುಷ್ಯ, ಗೊಂಬೆ ಇಬ್ಬರೂ ಪೂರ್ತಿ ಕಾಣುತ್ತಾರೆ. ಏನೂ ತುಂಡಾಗುವುದಿಲ್ಲ, ಏನೂ ಬಚ್ಚಿಟ್ಟಿಲ್ಲ. ಮಗುವಿಗೆ ಅದು ಇಬ್ಬರು ಪಕ್ಕಪಕ್ಕ ನಿಂತ ಹಾಗೆ, ಅಷ್ಟೇ. ನಾನು ಮಕ್ಕಳ ಮುಂದೆಯೇ ಕೈಗೆ ಗೊಂಬೆ ಹಾಕಿಕೊಳ್ಳುತ್ತೇನೆ. "ನಿಮ್ಮ ಕೈ ಒಳಗಿದೆ" ಅಂತ ಗಂಭೀರವಾಗಿ ಹೇಳುತ್ತಾರೆ. ಮರುಕ್ಷಣವೇ ಗೊಂಬೆಯನ್ನು "ನಿನಗೆ ಹಸಿವಾ?" ಅಂತ ಕೇಳುತ್ತಾರೆ. ಎರಡೂ ನಿಜ ಅವರಿಗೆ.

ನೀವು ಹೇಳಿದ ಹೆದರಿಕೆ ದೊಡ್ಡವರಿಗೂ ಇದೆ, ಗೊತ್ತಾ? ಒಮ್ಮೆ ಒಂದು ಕಾಲೇಜಿನಲ್ಲಿ ಬಿಗ್ ಬರ್ಡ್ ವೇಷವನ್ನು ಕಾಯಲು ಬಿಟ್ಟಿದ್ದ ಹುಡುಗರು ಅದರ ಗರಿ ಕಿತ್ತು ಹಾಳುಗೆಡವಿದರು. ನೋಡಿ ಸ್ಪಿನ್ನಿ ಅತ್ತುಬಿಟ್ಟರು. ಅದು ಬಣ್ಣ ಹಚ್ಚಿದ ಟರ್ಕಿ ಕೋಳಿ ಗರಿ ಅಂತ ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು ಹೇಳಿ?

ಹಳೇಪತ್ರಿಕೆ:

ಮಕ್ಕಳಿಗೆ ಏನು ಹೇಳಬೇಕು, ಏನು ಹೇಳಬಾರದು ಅನ್ನುವುದರಲ್ಲಿ ಈ ಕಾರ್ಯಕ್ರಮದವರು ತೋರಿಸಿದ ಎಚ್ಚರ ದೊಡ್ಡದು. ಹೂಪರ್ ಅಂಗಡಿಯ ಕಥೆ ಹೇಳಲೇಬೇಕು.

ಬೀದಿಯಲ್ಲಿ ಅಂಗಡಿ ಇಟ್ಟಿದ್ದ ಹೂಪರ್ ಪಾತ್ರ ಮಾಡುತ್ತಿದ್ದ ವಿಲ್ ಲೀ 1982ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಬೇರೆ ನಟನನ್ನು ತರಬಹುದಿತ್ತು. ಊರು ಬಿಟ್ಟು ಹೋದರು ಅಂತ ಕಥೆ ಕಟ್ಟಬಹುದಿತ್ತು. ಎರಡೂ ಮಾಡಲಿಲ್ಲ. ಮಕ್ಕಳ ಮನಶ್ಶಾಸ್ತ್ರಜ್ಞರ ಜೊತೆ ಕೂತು ಯೋಚಿಸಿ, ಹೂಪರ್ ಸತ್ತರು ಅಂತಲೇ ಹೇಳಲು ತೀರ್ಮಾನಿಸಿದರು. ಕಾಯಿಲೆ, ಆಸ್ಪತ್ರೆ ಅನ್ನುವ ಮಾತು ಮಾತ್ರ ತರಲಿಲ್ಲ. ಇಲ್ಲದಿದ್ದರೆ ಜ್ವರ ಬಂದಾಗಲೆಲ್ಲ ಮಕ್ಕಳು ಹೆದರಿಕೊಳ್ಳುತ್ತಾರೆ. ಪ್ರಸಾರಕ್ಕೆ 1983ರ ಥ್ಯಾಂಕ್ಸ್‌ಗಿವಿಂಗ್ ದಿನ ಆರಿಸಿಕೊಂಡರು. ಅವತ್ತು ಅಪ್ಪ ಅಮ್ಮ ಮನೆಯಲ್ಲಿರುತ್ತಾರೆ, ಮಗು ಪ್ರಶ್ನೆ ಕೇಳಿದರೆ ಉತ್ತರ ಹೇಳಲು.

ಆ ಕಂತಿನಲ್ಲಿ ಬಿಗ್ ಬರ್ಡ್ ಎಲ್ಲರ ಚಿತ್ರ ಬರೆದು ಹಂಚುತ್ತದೆ. ಹೂಪರ್‌ದೊಂದು ಉಳಿಯುತ್ತದೆ. ಅವರು ಬಂದ ಮೇಲೆ ಕೊಡುತ್ತೇನೆ ಅನ್ನುತ್ತದೆ. ಸತ್ತವರು ವಾಪಸ್ ಬರುವುದಿಲ್ಲ ಅಂತ ದೊಡ್ಡವರು ತಿಳಿಸಿ ಹೇಳಬೇಕಾಗುತ್ತದೆ. ಯಾಕೆ ಹೀಗಾಗಬೇಕು ಅಂತ ಹಕ್ಕಿ ಕೇಳುತ್ತದೆ. ಯಾರ ಹತ್ತಿರವೂ ಉತ್ತರ ಇಲ್ಲ. ಹೀಗೇ, ಹೀಗೇ ಅಷ್ಟೇ ಅನ್ನುತ್ತಾರೆ.

ಬಯಲುಸೀಮೆಯವರಿಗೆ ಬೇಕಾದ ಮಾತು ಇಲ್ಲಿದೆ. ಆ ಚಿತ್ರಗಳನ್ನು ನಿಜವಾಗಿ ಬರೆದವರು ಸ್ಪಿನ್ನಿ. ಹೂಪರ್ ಚಿತ್ರವನ್ನು ಆಮೇಲೆ ಬಿಗ್ ಬರ್ಡ್ ಗೂಡಿನ ಹಿಂದೆ ತೂಗುಹಾಕಿದರು.

ಬಯಲುಸೀಮೆ:

ಹುಡುಕಿ ಆ ದೃಶ್ಯ ನೋಡಿದೆ. ಬಿಗ್ ಬರ್ಡ್ ಮೊದಲಿನಿಂದ ಹೂಪರ್ ಹೆಸರನ್ನು ತಪ್ಪಾಗಿ ಲೂಪರ್ ಅಂತಲೇ ಕರೆಯುತ್ತಿತ್ತಂತೆ. ಕೊನೆಯಲ್ಲೂ ಹಾಗೇ ಕರೆಯುತ್ತದೆ. ಆ ಬೀದಿಯ ದೊಡ್ಡವರಲ್ಲಿ ಒಬ್ಬಳಾದ ಮರಿಯಾ ತಿದ್ದುತ್ತಾಳೆ. ನಾನು ಐವತ್ತು ದಾಟಿದವನು, ಈ ಕಾರ್ಯಕ್ರಮ ಚಿಕ್ಕಂದಿನಲ್ಲಿ ನೋಡಿದವನೇ ಅಲ್ಲ. ಆದರೂ ಗಂಟಲು ಕಟ್ಟಿತು.

ಒಂದು ಮಾತು ಒಪ್ಪುತ್ತೇನೆ. ಆ ದೃಶ್ಯ ನೋಡುವಾಗ ಒಳಗೊಬ್ಬರು ಕೈ ಎತ್ತಿ ನಿಂತಿದ್ದಾರೆ ಅನ್ನುವುದು ನೆನಪಿಗೆ ಬರಲೇ ಇಲ್ಲ. ಇಲ್ಲಿ ಅಷ್ಟೆಲ್ಲ ವಾದ ಮಾಡಿದ ಮೇಲೂ.

ಕಸದಬುಟ್ಟಿ:

ಬನ್ನಿ ಬನ್ನಿ, ನಮ್ಮ ಬಳಗಕ್ಕೆ ಸೇರಿ.

ಹಳದಿಗರಿ:

ಇದೇ ದಾರಿಯಲ್ಲಿ ಇನ್ನೊಂದು. ಹೆನ್ಸನ್ 1990ರ ಮೇ 16ರಂದು ಏಕಾಏಕಿ ತೀರಿಕೊಂಡರು. 53 ವರ್ಷ ಅಷ್ಟೇ. ನ್ಯೂಯಾರ್ಕ್‌ನ ಸೇಂಟ್ ಜಾನ್ ದ ಡಿವೈನ್ ಎಂಬ ದೊಡ್ಡ ಚರ್ಚಿನಲ್ಲಿ ನೆನಪಿನ ಸಭೆ ನಡೆಯಿತು. ಅಲ್ಲಿ ಬಿಗ್ ಬರ್ಡ್ ಒಂಟಿಯಾಗಿ ನಡೆದು ಬಂದು, ಕರ್ಮಿಟ್ ಕಪ್ಪೆಯ ಪ್ರಸಿದ್ಧ ಹಾಡನ್ನು ಹಾಡಿತು. ಮುಗಿಸಿ, ಥ್ಯಾಂಕ್ ಯು ಕರ್ಮಿಟ್ ಅಂದಿತು. ಕರ್ಮಿಟ್‌ನ ದನಿ ಹೆನ್ಸನ್‌ರದೇ. ಅವತ್ತು ಸ್ಪಿನ್ನಿ ತನ್ನ ಮುಖದಲ್ಲಿ ಬಂದು ಮಾತಾಡಬಹುದಿತ್ತು. ಆದರೆ ಹಕ್ಕಿಯ ಒಳಗೆ ನಿಂತೇ ಹಾಡಿದರು. ಎಂಟಡಿಯ ಗರಿಯ ಒಳಗೆ ಅತ್ತರೂ ಯಾರಿಗೂ ಕಾಣುವುದಿಲ್ಲ, ಅಲ್ವಾ.

ಇದನ್ನು ಯೋಚಿಸಿದ ಮೇಲೆ ನನ್ನ ಅನುಮಾನ ಸುಮಾರಾಗಿ ಕಡಿಮೆಯಾಯಿತು. ಆ ದಢೂತಿ ಆಸಾಮಿ ಗೊಂಬೆಯ ಮೂಲಕ ಮಾತಾಡಿದ್ದು ಸ್ಪಿನ್ನಿಗೆ ವಿಚಿತ್ರ ಅನ್ನಿಸಿರಲ್ಲ. ಕಷ್ಟದ ಮಾತನ್ನು ಅವರೂ ಹಾಗೇ ಹೇಳಿದವರು.

ಸುಮ್ನೆಓದುವವಳು:

ಬಿಗ್ ಬರ್ಡ್ ಬಾಹ್ಯಾಕಾಶಕ್ಕೆ ಹೋಗಬೇಕಿತ್ತು ಅಂತ ಎಲ್ಲೋ ಓದಿದ್ದೆ. ಗಾಳಿಸುದ್ದಿಯಾ?

ಹಳೇಪತ್ರಿಕೆ:

ಗಾಳಿಸುದ್ದಿ ಅಲ್ಲ. ಮಕ್ಕಳಿಗೆ ಬಾಹ್ಯಾಕಾಶದಲ್ಲಿ ಆಸಕ್ತಿ ಬರಲಿ ಅಂತ ನಾಸಾ ಈ ಬಗ್ಗೆ ಮಾತುಕತೆ ಮಾಡಿತ್ತು. ವೇಷ ತುಂಬಾ ದೊಡ್ಡದು, ನೌಕೆಯಲ್ಲಿ ಜಾಗ ಇಲ್ಲ. ಕೈಬಿಟ್ಟರು. ಆಮೇಲೆ ಕ್ರಿಸ್ಟಾ ಮೆಕಾಲಿಫ್ ಎನ್ನುವ ಶಾಲಾ ಶಿಕ್ಷಕಿಯನ್ನು ಆರಿಸಿದರು. ಚಾಲೆಂಜರ್ ನೌಕೆ. 1986ರ ಜನವರಿ 28. ಮುಂದಿನದು ಗೊತ್ತಲ್ಲ, ಏಳೂ ಜನ ಹೋದರು. ಸ್ಪಿನ್ನಿ ಬಗ್ಗೆ 2014ರಲ್ಲಿ ಬಂದ ಸಾಕ್ಷ್ಯಚಿತ್ರದಲ್ಲಿ ಈ ವಿಷಯ ಇದೆ.

ಎರಡುಮಕ್ಕಳತಾಯಿ:

ಅಯ್ಯೋ. ಇದು ಗೊತ್ತೇ ಇರಲಿಲ್ಲ.

ಈಗ ಬಿಗ್ ಬರ್ಡ್ ಯಾರು? ಸ್ಪಿನ್ನಿ ಇಲ್ಲ ಅಂದರೆ ಹಕ್ಕಿಯನ್ನೂ ನಿಲ್ಲಿಸಬೇಕಿತ್ತಲ್ವಾ? ಹೂಪರ್‌ಗೆ ಬದಲಿ ನಟನನ್ನು ತರಲಿಲ್ಲ, ಇವರಿಗೆ ತಂದರಾ?

ಗೊಂಬೆಹುಚ್ಚ:

ಒಳ್ಳೆಯ ಪ್ರಶ್ನೆ. ಹೂಪರ್ ವಯಸ್ಸಾದ ಮನುಷ್ಯ, ಮುಖ ಎಲ್ಲರಿಗೂ ಗೊತ್ತು. ಬಿಗ್ ಬರ್ಡ್‌ಗೆ ಎಂದೆಂದಿಗೂ ಆರು ವರ್ಷ. ಈಗಿನ ಆರು ವರ್ಷದ ಮಗುವಿಗೂ ಆ ಗೆಳೆಯ ಬೇಕು. ಹಾಗಾಗಿ ಕೈ ಬದಲಾಗುತ್ತದೆ, ಹಕ್ಕಿ ಇರುತ್ತದೆ.

ಅದೂ ರಾತ್ರೋರಾತ್ರಿ ಆದ ಬದಲಾವಣೆ ಅಲ್ಲ. ಮ್ಯಾಟ್ ವೋಗಲ್ 1990ರ ದಶಕದಿಂದಲೇ ಸ್ಪಿನ್ನಿ ಜೊತೆ ಇದ್ದು ಕಲಿತವರು. ವಯಸ್ಸಾಗಿ ಸ್ಪಿನ್ನಿಯವರಿಗೆ ವೇಷದೊಳಗೆ ತೂಕ ಸಂಭಾಳಿಸುವುದು ಕಷ್ಟವಾಯಿತು. 2015ರಿಂದ ವೋಗಲ್ ವೇಷ ಹಾಕಿದರು, ದನಿ ಮಾತ್ರ ಸ್ಪಿನ್ನಿಯದು. 2018ರಲ್ಲಿ ಪೂರ್ತಿ ನಿವೃತ್ತಿ. ಆಸ್ಕರ್ ಈಗ ಎರಿಕ್ ಜೇಕಬ್ಸನ್ ಕೈಯಲ್ಲಿ. ಸ್ಪಿನ್ನಿ 2019ರ ಡಿಸೆಂಬರ್ 8ರಂದು ಕನೆಕ್ಟಿಕಟ್‌ನ ತಮ್ಮ ಮನೆಯಲ್ಲಿ ತೀರಿಕೊಂಡರು. 85 ವರ್ಷ. ಅದೇ ಸಂಜೆ ವಾಷಿಂಗ್ಟನ್‌ನಲ್ಲಿ ಸೆಸಮಿ ಸ್ಟ್ರೀಟ್‌ಗೆ ಕೆನಡಿ ಸೆಂಟರ್ ಗೌರವ ಕೊಡುವ ಸಮಾರಂಭ ಇತ್ತು.

ವೋಗಲ್ ಚೆನ್ನಾಗಿ ಮಾಡುತ್ತಾರೆ. ಆದರೆ ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಸ್ಪಿನ್ನಿಯ ಹಕ್ಕಿಯ ದನಿಯಲ್ಲಿ ಒಂದು ಚೂರು ಅಂಜಿಕೆ ಇರುತ್ತಿತ್ತು. ಎಲ್ಲಿ ಗದರುತ್ತಾರೋ ಅನ್ನುವ ಥರ. ಈಗಿನದು ಸ್ವಲ್ಪ ಜಾಸ್ತಿ ಧೈರ್ಯದ ಹಕ್ಕಿ.

ಕಸದಬುಟ್ಟಿ:

ಆಸ್ಕರ್ ಮಾತ್ರ ಹಾಗೇ ಇದ್ದಾನೆ. ಸಿಡುಕಿಗೆ ವಯಸ್ಸಾಗುವುದಿಲ್ಲ.

ಎರಡುಮಕ್ಕಳತಾಯಿ:

ಇಷ್ಟೆಲ್ಲ ಓದಿದ ಮೇಲೆ ಮಕ್ಕಳಿಗೆ ತೋರಿಸಬೇಕು ಅನ್ನಿಸುತ್ತಿದೆ. ಎಲ್ಲಿಂದ ಶುರು ಮಾಡಲಿ? ಹೂಪರ್ ಕಂತು ಬೇಡ ಅಲ್ವಾ?

ಹಳದಿಗರಿ:

ಖಂಡಿತ ಬೇಡ. ಹೂಪರ್ ಯಾರು ಅಂತಲೇ ಗೊತ್ತಿಲ್ಲದೆ ಅವರ ಸಾವು ತೋರಿಸಿದರೆ ಮಕ್ಕಳಿಗೆ ಏನೂ ತಟ್ಟಲ್ಲ, ಸುಮ್ನೆ ಗಾಬರಿ ಅಷ್ಟೇ. ಮೊದಲು ಬಿಗ್ ಬರ್ಡ್ ಮತ್ತು ಸ್ನಫಿ ಇರುವ ಹಳೇ ದೃಶ್ಯಗಳನ್ನು ತೋರಿಸಿ. ಸ್ನಫಿ ಆನೆಯಂಥ ದೊಡ್ಡ ಪ್ರಾಣಿ. ದೊಡ್ಡವರು ಬರುವಷ್ಟರಲ್ಲಿ ಹೊರಟುಹೋಗಿರುತ್ತಾನೆ. ಹಾಗಾಗಿ ಬಿಗ್ ಬರ್ಡ್ ಹೇಳಿದ್ದನ್ನು ಯಾರೂ ನಂಬಲ್ಲ. 1985ರಲ್ಲಿ ಇದನ್ನು ಬದಲಾಯಿಸಿ, ದೊಡ್ಡವರಿಗೂ ಅವನು ಕಾಣುವ ಹಾಗೆ ಮಾಡಿದರು. ನಿಜ ಹೇಳಿದರೂ ದೊಡ್ಡವರು ನಂಬುವುದಿಲ್ಲ ಅಂತ ಮಕ್ಕಳು ಕಲಿತರೆ, ಕಷ್ಟ ಬಂದಾಗ ಬಾಯಿ ಬಿಡದೆ ಉಳಿಯುತ್ತಾರೆ ಅನ್ನುವ ಚಿಂತೆ ಅವರಿಗೆ.

ಗೊಂಬೆಹುಚ್ಚ:

ತೋರಿಸುವ ಮೊದಲು ನೀವೇ ಒಂದು ಸಲ ಮಾಡಿ ನೋಡಿ. ಕೈಗೆ ಕಾಲುಚೀಲ ಹಾಕಿ, ತಲೆಯ ಮೇಲೆ ನೆಟ್ಟಗೆ ಎತ್ತಿ, ಒಂದು ಇಡೀ ಹಾಡು ಮುಗಿಯುವವರೆಗೆ ಬಾಯಿ ಆಡಿಸಿ. ಮಾತಿನ ಪ್ರತಿ ಅಕ್ಷರಕ್ಕೂ ಬಾಯಿ ತೆರೆಯಬೇಕು, ಮುಚ್ಚಬಾರದು. ಹೊಸಬರೆಲ್ಲ ಉಲ್ಟಾ ಮಾಡುತ್ತಾರೆ, ಮಾತನ್ನು ಕಚ್ಚಿ ತಿಂದ ಹಾಗೆ ಕಾಣುತ್ತದೆ. ಹೆಬ್ಬೆರಳನ್ನು ಕೆಳಗೆ ಬಿಡಿ, ಮೇಲಿನ ಬೆರಳು ಅಲ್ಲಾಡಿಸಬೇಡಿ. ಇಲ್ಲದಿದ್ದರೆ ಗೊಂಬೆ ಆಕಾಶ ನೋಡುತ್ತದೆ.

ಎರಡುಮಕ್ಕಳತಾಯಿ:

ಮಾಡಿದೆ! ಪಲ್ಲವಿ ಮುಗಿಯುವಷ್ಟರಲ್ಲಿ ಭುಜ ಬಿದ್ದುಹೋಯಿತು. ಕೈ ತಾನಾಗಿಯೇ ಕೆಳಗೆ ಬಂತು. ಚಿಕ್ಕವನು ಕಾಲುಚೀಲದ ಹತ್ತಿರ ಬಂದು, ನಿದ್ದೆ ಬಂತಾ ಅಂತ ಕೇಳಿದ. ನನ್ನನ್ನಲ್ಲ.

ಕಸದಬುಟ್ಟಿ:

ಕಾಲುಚೀಲ ಒಗೆದದ್ದಾ?

ಎರಡುಮಕ್ಕಳತಾಯಿ:

ಒಗೆದದ್ದು.

ಕಸದಬುಟ್ಟಿ:

ಛೇ.